ಟಟಲ್ ಕೊಳಕ್ಕೆ ಸುರಿದ ಬಕೆಟ್ಟು

ಮೇಯ್ನ್ ರಾಜ್ಯದ ಉತ್ತರದ ಕಾಡಿನಲ್ಲಿ ಓರಿನ್ ಪೆಲ್ಕಿಯಷ್ಟು ಟ್ರೌಟ್ ಮೀನಿನ ಗುಟ್ಟು ಬಲ್ಲವರಿರಲಿಲ್ಲ. ಪೇಟೆಯ ಶ್ರೀಮಂತರನ್ನು ದೋಣಿಯಲ್ಲಿ ಕರೆದೊಯ್ದು ಗಾಳ ಹಾಕಿಸುವುದೇ ಮೂವತ್ತೆಂಟು ವರ್ಷಗಳಿಂದ ಅವನ ಕಸುಬು. ಆಗಸ್ಟಿನ ಸೆಖೆಗೆ ಟಟಲ್ ಕೊಳ ಬೆಚ್ಚಗಾದರೆ ಟ್ರೌಟುಗಳೆಲ್ಲ ತಳದ ಒಂದು ತಣ್ಣನೆಯ ಒರತೆಯ ಬಾಯಿಗೆ ಬಂದು ಒತ್ತೊತ್ತಾಗಿ ನಿಲ್ಲುತ್ತಿದ್ದವು. ಆ ಜಾಗವನ್ನು ಓರಿನ್ ತೋರಿಸಿದ್ದು ಒಬ್ಬನಿಗೇ: ತಂಗಿ ಅಡೆಲ್‌ಳ ಗಂಡ, ತನ್ನ ಬಳಿಯೇ ಕಸುಬು ಕಲಿತ ಲೂಸಿಯನ್ ಮಿಶೋಗೆ.

ಒಂದು ಬೇಸಿಗೆ ಓರಿನ್ ಸೊಂಟನೋವಿನಿಂದ ಎರಡು ವಾರ ಮಲಗಿ ಎದ್ದು ಹೋದರೆ ಒರತೆಯ ಮೇಲೆ ಲೂಸಿಯನ್‌ನ ಮೂರು ದೋಣಿಗಳು, ತುಂಬ ಗಿರಾಕಿಗಳು.

“ಯಾರಿಗೂ ತೋರ್ಸಲ್ಲ ಅಂತ ಮಾತು ಕೊಟ್ಟಿದ್ಯಲ್ಲೋ!”

“ನಿಮ್ಮ ಕಾಲ ಮುಗೀತು ಭಾವ. ಮನೇಲಿ ಬಿಸಿನೀರಿನ ಚೀಲಕ್ಕೆ ಒರಗಿ ಕೂತ್ಕೊಳ್ಳಿ.”

ಗಿರಾಕಿಗಳು ಗೊಳ್ಳೆಂದು ನಕ್ಕರು.

ಮರುದಿನ ಓರಿನ್ ಬೇರೊಂದು ಸರೋವರದಲ್ಲಿ ನಲವತ್ತು ಪರ್ಚ್ ಮೀನು ಹಿಡಿದು, ಬಕೆಟ್ಟಿನಲ್ಲಿ ಜೀವಂತ ಹೊತ್ತು ತಂದ. ಟಟಲ್ ಕೊಳದಲ್ಲಿ ಟ್ರೌಟ್ ಬಿಟ್ಟರೆ ಬೇರೆ ದೊಡ್ಡ ಜಾತಿ ಇರಲೇ ಇಲ್ಲ. ಮೇವನ್ನೆಲ್ಲ ಕಬಳಿಸುವ ಪರ್ಚ್ ಹೊಕ್ಕ ನೀರಿನಲ್ಲಿ ಟ್ರೌಟ್ ಮರಿ ಉಳಿಯುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

“ಈಗ ಹಿಡಿ ಮಗನೇ,” ಎಂದು ಬಕೆಟ್ಟು ಬೋರಲು ಹಾಕಿದ.

ಲೂಸಿಯನ್‌ಗೆ ಏನೂ ಆಗಲಿಲ್ಲ. ಮೀನು ಕಡಿಮೆಯಾದೊಡನೆ ಗಿರಾಕಿಗಳನ್ನು ನದಿಯ ಕಡೆ ಕರೆದೊಯ್ದ. ಓರಿನ್ ಮಾತ್ರ ಪ್ರತಿ ಅಕ್ಟೋಬರಿನಲ್ಲೂ ಕೊಳದ ದಡದಲ್ಲಿ ನಿಲ್ಲುತ್ತಿದ್ದ. ಕೆಂಪು ಹೊಟ್ಟೆಯ, ಬಿಳಿ ಅಂಚಿನ ಈಜುರೆಕ್ಕೆಯ ಟ್ರೌಟುಗಳು ಬಾಲದಿಂದ ಜಲ್ಲಿ ತೋಡಿ ಮೊಟ್ಟೆಯಿಡಲು ಬರುತ್ತಿದ್ದವು. ಒಂದು ವರ್ಷ ಇಪ್ಪತ್ತು, ಮರುವರ್ಷ ಆರು. ಹಿಂದೆಯೇ ಮೊಟ್ಟೆ ನುಂಗಲು ಕಾದ ಪರ್ಚುಗಳು. ಓರಿನ್ ದೋಣಿಯ ಹುಟ್ಟಿನಿಂದ ನೀರು ಬಡಿದರೆ ಚದುರಿ, ಮತ್ತೆ ಬಂದು ನಿಲ್ಲುತ್ತಿದ್ದವು.

ಆರನೆಯ ವರ್ಷ ಮೀನುಗಾರಿಕೆ ಇಲಾಖೆಯ ಕಾರ್ಲಾ ವೀಡನ್ ಬಲೆ ಹಾಕಿಸಿದಳು. ಎಂಟುನೂರು ಪರ್ಚ್, ಒಂದೇ ಒಂದು ಟ್ರೌಟ್, ಅದೂ ಹಸಿವಿಗೆ ಸೊರಗಿದ್ದು: ದೊಡ್ಡ ತಲೆ, ಕಡ್ಡಿಯಂಥ ಮೈ.

“ಯಾವ ಪಾಪಿ ಮಾಡಿದ್ದೋ ಇದನ್ನ?” ಎಂದಳು.

ಓರಿನ್ ಆ ಮೀನನ್ನೇ ನೋಡುತ್ತ, “ಲೂಸಿಯನ್ ಇರ್ಬೇಕು,” ಎಂದ.

ಸಾಕ್ಷಿ ಸಿಗಲಿಲ್ಲ. ಆದರೆ ಊರಿಗೆ ಓರಿನ್‌ನ ಮಾತೇ ಸಾಕಾಯಿತು. ಲೂಸಿಯನ್‌ನ ದೋಣಿಗಳನ್ನು ಯಾರೋ ಕೊಡಲಿಯಿಂದ ಕಡಿದರು. ಗಿರಾಕಿಗಳು ಬರುವುದೂ ನಿಂತಿತು. ಗಂಡಹೆಂಡತಿ ಗಡಿ ದಾಟಿ ಕ್ವಿಬೆಕ್‌ಗೆ ಹೊರಟ ದಿನ ಅಡೆಲ್ ಅಣ್ಣನ ಬಾಗಿಲಿಗೆ ಬಂದಳು.

“ಅಣ್ಣಾ, ಅವ್ರು ಮಾಡಿಲ್ಲ ಅಂತ ನಿನಗೆ ಗೊತ್ತಲ್ವಾ?”

“ನಂಗೇನು ಗೊತ್ತು?” ಎಂದು ಓರಿನ್ ಬಾಗಿಲು ಹಾಕಿಕೊಂಡ.