ಕೆಂಚಮ್ಮ ಹೇಳದ ಸಾಲು

ಕೆಂಚಮ್ಮ, ನಿನ್ನ ಗಂಡ ತಪ್ಪು ಮಾಡಿದ್ದಾನೆಂದು ಬರೆದವನು ನಾನು. ನೀನು ಹಾಗೆ ಹೇಳಿರಲಿಲ್ಲ. ನೀನು ಹೇಳದ ಸಾಲಿನ ಕೆಳಗೆ ನಿನ್ನ ಹೆಬ್ಬೆಟ್ಟು ಒತ್ತಿಸಿಕೊಂಡೆ — ಹತ್ತೊಂಬತ್ತು ವರ್ಷ ಬಾಯಿ ಬಿಡಲಿಲ್ಲ.

ಆಗ ನಾನು ಶಿಕಾರಿಪುರದ ಕಚೇರಿಯೆದುರು ಮರದ ನೆರಳಿನಲ್ಲಿ ಮೇಜು ಹಾಕಿಕೊಂಡು ಅರ್ಜಿ ಬರೆಯುತ್ತಿದ್ದೆ. ಪಹಣಿ, ಖಾತೆ, ಕಾಲುವೆ ನೀರಿನ ತಕರಾರು — ಯಾವುದೇ ಬರಲಿ, ಎಲ್ಲಕ್ಕೂ ಒಂದೇ ಅಚ್ಚು. ಶುರುವಿಗೆ 'ಮಹಾಸ್ವಾಮಿಯವರ ಸನ್ನಿಧಾನಕ್ಕೆ', ಕೊನೆಗೆ 'ಬಡವರ ತಪ್ಪನ್ನು ಮನ್ನಿಸಿ ಕಾಪಾಡಬೇಕು'. ತಪ್ಪೇ ಮಾಡದವನೂ ಮನ್ನಿಸಿ ಎನ್ನಬೇಕು. ಇಲ್ಲದಿದ್ದರೆ ಸಾಹೇಬರು ಕಾಗದ ಮುಟ್ಟುವುದಿಲ್ಲ ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ನಾನು ಅದನ್ನೇ ದೊಡ್ಡ ವಿದ್ಯೆ ಎಂದುಕೊಂಡಿದ್ದೆ.

ನೀನು ಸೊರಬದ ಕಡೆಯಿಂದ ಬಂದೆ. ನಿನ್ನ ಗಂಡ ಮಾಳಪ್ಪ ಕುರಿ ಸಾಕುವವನು. ಸುಗ್ಗಿ ಮುಗಿದ ಮೇಲೆ ಕಂಬಳಿ ಹೊತ್ತು ಗೋವೆಯ ಗಡಿಯವರೆಗೂ ಮಾರಲು ಹೋಗುತ್ತಿದ್ದ. ಗೋವೆ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಕಾಲ. ಅವನ ಗಂಟಿನಲ್ಲಿ ಪೊಲೀಸರಿಗೆ ಅವರ ಭಾಷೆಯ ಕಾಗದವೊಂದು ಸಿಕ್ಕಿತಂತೆ — ಯಾರೋ ಗಿರಾಕಿ ಹೊಗೆಸೊಪ್ಪು ಸುತ್ತಿ ಕೊಟ್ಟದ್ದು. ಅಷ್ಟಕ್ಕೇ ಅಕ್ಷರ ಬಾರದ ಮಾಳಪ್ಪ ದೇಶದ ಭದ್ರತೆಗೆ ಅಪಾಯವಾಗಿಬಿಟ್ಟ. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ, ಮುನ್ನೆಚ್ಚರಿಕೆಯ ಬಂಧನವಂತೆ. ಕಾರಣ ಪೂರ್ತಿ ಹೇಳಿದರೆ ಅದೂ ದೇಶಕ್ಕೆ ಅಪಾಯವಂತೆ. ಉಳಿದದ್ದು ಒಂದೇ ಬಾಗಿಲು — ಇಂಥ ಬಂಧನಗಳನ್ನು ಪರಿಶೀಲಿಸುವ ಮಂಡಳಿಗೆ ಒಂದು ಅರ್ಜಿ.

ನಮ್ಮೂರಿನ ಯುವ ವಕೀಲರೊಬ್ಬರು ನಿನ್ನನ್ನು ನನ್ನ ಮೇಜಿನ ಹತ್ತಿರ ಕರೆತಂದರು. "ಲೋಕದ ದೇಶಗಳೆಲ್ಲ ಕೂತು ಮನುಷ್ಯನ ಹಕ್ಕು ಇಂಥಿಂಥವು ಅಂತ ಬರ್ದಾವ್ರೀ. ನಮ್ಮ ದೇಶಾನೂ ಒಪ್ಪೈತಿ. ಮನಸ್ಸಿಗೆ ಬಂದಂಗೆ ಯಾರನ್ನೂ ಹಿಡ್ದಿಡೋ ಹಂಗಿಲ್ಲ. ಗಡಿ ಕಾಯ್ಲಿ, ಬ್ಯಾಡ ಅನ್ನಲ್ಲ. ಆದ್ರೆ ಈತ ಏನ್ ಮಾಡ್ದ ಅಂತ ತೋರಿಸ್ಲಿ. ಇಷ್ಟೇ ಬರೀರಿ," ಎಂದು ಹೇಳಿ ಕೋರ್ಟಿಗೆ ಹೊರಟರು.

ನೀನು ಅದಕ್ಕಿಂತ ಚಿಕ್ಕದಾಗಿ ಹೇಳಿದೆ. "ನಮ್ಮನಿಯವ್ರು ತಪ್ಪ್ ಮಾಡಿಲ್ರೀ. ಹಂಗೇ ಬರೀರಿ."

ಹಾಗೇ ಬರೆದೆ. ಆದರೆ ಓದಿದರೆ ಬೋಳುಬೋಳು, ಸೊಕ್ಕಿನ ಅರ್ಜಿಯಂತೆ ಕಂಡಿತು. ಸಾಕ್ಷಿ ತೋರಿಸು ಎಂದು ಸರ್ಕಾರವನ್ನೇ ಕೇಳುವುದೇ? ನನ್ನ ಅಕ್ಷರ ಗುರುತು ಹಿಡಿದು ನನ್ನನ್ನೂ ಕರೆದರೆ? ಅದರಲ್ಲಿ ಹೆದರಿಕೆ ಎಷ್ಟು, ರೂಢಿ ಎಷ್ಟು — ಇವತ್ತಿಗೂ ಬಿಡಿಸಿ ಹೇಳಲಾರೆ. ಕೊನೆಗೊಂದು ಸಾಲು ಸೇರಿಸಿದೆ: 'ನನ್ನ ಗಂಡ ತಿಳಿಯದೆ ಮಾಡಿದ ತಪ್ಪನ್ನು ಮನ್ನಿಸಬೇಕು.' ನಿನಗೆ ಓದಿ ಹೇಳುವಾಗ ಆ ಸಾಲು ಬಿಟ್ಟೆ. ಬರೆದದ್ದು ರೂಢಿಯಿರಬಹುದು; ಬಿಟ್ಟದ್ದು ರೂಢಿಯಲ್ಲ. ಕೇಳಿದರೆ ನೀನು ಒಪ್ಪುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಉತ್ತರ ಬಂತು. ಬಂಧಿಯ ಹೆಂಡತಿಯೇ ತಪ್ಪನ್ನು ಒಪ್ಪಿಕೊಂಡಿರುವುದರಿಂದ ಬಂಧನ ಮುಂದುವರಿಯತಕ್ಕದ್ದು.

ವರ್ಷ ತುಂಬಿದ ಮೇಲೆ ಮಾಳಪ್ಪ ಹೊರಗೆ ಬಂದ. ಆ ಉತ್ತರವನ್ನು ಜೈಲಿನಲ್ಲಿ ಅವನಿಗೆ ಓದಿ ಹೇಳಿದ್ದರು. ನಿನ್ನ ಕೈಯ ಒಂದು ತುತ್ತೂ ಉಣ್ಣದೆ ಅಂಜನಾಪುರದ ಅಣ್ಣನ ಮನೆ ಸೇರಿದ. ವಕೀಲರು ಅಷ್ಟರಲ್ಲಿ ಊರು ಬಿಟ್ಟಿದ್ದರು. ನಿನಗೆ ಉಳಿದಿದ್ದವನು ನಾನೊಬ್ಬನೇ. ನೀನು ಬಂದು ಕೇಳಿದೆ: "ರಾಯರೇ, ನಾನು ಹಂಗಂದಿದ್ನಾ? ಅವ್ರಿಗೆ ನೀವೊಂದ್ಮಾತು ಹೇಳ್ರಿ." ಸುತ್ತ ಜನರಿದ್ದರು. ನಾನು ಕಾಗದದಿಂದ ತಲೆ ಎತ್ತಲಿಲ್ಲ.

"ನೀನು ಹೇಳಿದ್ದನ್ನೇ ಬರ್ದೀನಮ್ಮ."

ನೀನು ಜಗಳವಾಡಲಿಲ್ಲ. ನಿನ್ನ ಹೆಬ್ಬೆಟ್ಟನ್ನೇ ನೋಡಿಕೊಳ್ಳುತ್ತ ನಿಂತಿದ್ದೆ. ದುಃಖದಲ್ಲಿ ನಾನೇ ಹಾಗೆ ಅಂದೆನೇನೋ ಎಂದು ನಿನಗೆ ನಿನ್ನ ಮೇಲೇ ಅನುಮಾನ ಬಂದದ್ದು ನನಗೆ ಕಂಡಿತು. ಕಂಡೂ ಸುಮ್ಮನಿದ್ದೆನಲ್ಲ —

ಇಷ್ಟು ವರ್ಷ ಆ ಕಾನೂನಿಗೆ ಹಿಡಿಶಾಪ ಹಾಕಿದೆ. ಹೊಗೆಸೊಪ್ಪಿನ ಕಾಗದಕ್ಕೆ ಹೆದರುವ ದೇಶ ಇದೆಂಥದ್ದು, ಲೋಕದೆದುರು ಒಪ್ಪಿದ ಮಾತು ಮನೆಯಲ್ಲಿ ಯಾಕಿಲ್ಲ ಎಂದು ಕಂಡಕಂಡವರ ಹತ್ತಿರ ರೇಗಾಡಿದೆ. ಆ ಸಿಟ್ಟು ಈಗಲೂ ಸುಳ್ಳಲ್ಲ. ಆದರೆ ಅಂಥ ಕಾನೂನು ಕೂಡ ಒಂದು ಬಾಗಿಲು ತೆರೆದಿಟ್ಟಿತ್ತು. ಅದನ್ನು ಮುಚ್ಚಿದವನು ನಾನು. ಕೇಳಲು ಬಂದವಳನ್ನು ಸುಳ್ಳುಗಾರ್ತಿ ಮಾಡಿದವನೂ ನಾನೇ. ಅದಕ್ಕೆ ಯಾವ ಸರ್ಕಾರವನ್ನು ಬೈಯಲಿ?

ನಿನ್ನೆ ಮಾಳಪ್ಪನಿಗೊಂದು ಕಾಗದ ಬರೆದೆ. 'ಕೆಂಚಮ್ಮ ಹಾಗೆ ಹೇಳಲಿಲ್ಲ. ಬರೆದವನು ನಾನು. ಓದಿ ಹೇಳುವಾಗ ಬಿಟ್ಟವನೂ ನಾನು.' ಕೈ ತನ್ನಷ್ಟಕ್ಕೆ ಮುಂದೆ ಹೋಗಿ 'ತಪ್ಪನ್ನು ಮನ್ನಿಸಿ' ಎಂದು ಬರೆದುಬಿಟ್ಟಿತ್ತು. ಆ ಹಾಳೆ ಹರಿದು ಹಾಕಿ ಮತ್ತೊಮ್ಮೆ ಬರೆದೆ, ಮೂರೇ ಸಾಲು.

ನಾಳೆ ಬೆಳಗಿನ ಬಸ್ಸಿಗೆ ಸೊರಬಕ್ಕೆ ಬರುತ್ತೇನೆ. ಮೊದಲು ನಿನಗೆ ಓದುತ್ತೇನೆ. ನೀನು ಸರಿ ಎಂದರೆ ಅಂಜನಾಪುರಕ್ಕೆ ಹೋಗಿ ಮಾಳಪ್ಪನಿಗೆ, ಅವನ ಮನೆಯವರೆಲ್ಲರ ಎದುರು ಓದುತ್ತೇನೆ. ಈ ಸಲ ಒಂದು ಸಾಲೂ ಬಿಡುವುದಿಲ್ಲ. ಅದರ ಕೆಳಗಿನ ರುಜು ನನ್ನದು.