ಬಾಗಿಲಿಗೆ ಕಟ್ಟಿದ ಬೇವು

ತುರ್ಭೆ ಮಾರುಕಟ್ಟೆಯಲ್ಲಿ ಈರುಳ್ಳಿ ಆರಿಸುವ ಸಾಬವ್ವನನ್ನು ಮೂರ್ಖಳು ಎಂದವರ ನಾಲಗೆ ಸೀಳಬೇಕು ಅನಿಸುತ್ತದೆ ನನಗೆ. ಅಫಜಲಪುರದ ಕಡೆಯಿಂದ ಕೂಲಿಗೆಂದು ಈ ಮರಾಠಿ ಸೀಮೆಗೆ ಬಂದು ಇಲ್ಲೇ ತಲೆ ಹಣ್ಣಾದವಳು. ನಮ್ಮ ಗಲ್ಲಿಯ ಬಾಣಂತನವೆಲ್ಲ ಅವಳ ಕೈಯಲ್ಲೇ ಆಗಿದೆ. ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ತಾಯಿ ಬಂದಳೆಂದು ಬಾಗಿಲಿಗೆ ಬೇವು ಕಟ್ಟುವವಳೂ ಅವಳೇ. ಬೇವು ಕಟ್ಟಿದ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ. ಊರಿನ ಈ ಪದ್ಧತಿ ರೈಲು ಹತ್ತಿ ನಮ್ಮ ಜೊತೆಗೇ ಬಂದಿದೆ.

ದಡಾರ ಹಬ್ಬಿದ ವರ್ಷ ಮೊಬೈಲಿನಿಂದ ಮೊಬೈಲಿಗೆ ಒಂದು ದನಿ ಹರಿದು ಬಂತು. “ತಾಯಿ ಬಂದಾಗ ಸೂಜಿ ಮಾಡಸಬ್ಯಾಡ್ರಿ. ಆಕಿ ಒಳಗ ಹೊಕ್ಕು ಕೂಸಿನ ಕಣ್ಣ ತಗೋತಾಳ.” ಪಕ್ಕಾ ಕಲಬುರಗಿ ಮಾತು. ದಿನವಿಡೀ ಮರಾಠಿ, ಹಿಂದಿಯಲ್ಲಿ ಬೈಸಿಕೊಳ್ಳುವವರಿಗೆ ತಮ್ಮ ಮಾತು ಕಿವಿಗೆ ಬಿದ್ದರೆ ಸಾಕು, ನಂಬಿಬಿಡುತ್ತಾರೆ. ಆ ದನಿಯ ಹಲ್ಕಟನಿಗೆ ಅದು ಚೆನ್ನಾಗಿ ಗೊತ್ತಿತ್ತು. ಸಾಬವ್ವನೂ ನಂಬಿದಳು.

ಆಗಲೇ ಮೊಮ್ಮಗಳು ಚಂಪಾಳಿಗೆ ಜ್ವರ, ಮೈತುಂಬ ಕೆಂಪು ಗುಳ್ಳೆ. ಸೊಸೆ ಜ್ಯೋತಿ ಕೈಮುಗಿದಳು. “ಅತ್ತಿ, ದವಾಖಾನಿಗೆ ಒಯ್ಯೂಣು.”

“ಕಣ್ಣ ಹೋದ್ರ ಯಾರ ಕೊಡ್ತಾರ?” ಎಂದು ಸಾಬವ್ವ ಬಾಗಿಲಿಗೆ ಅಡ್ಡ ಕೂತಳು. ಮನೆಮನೆ ನೋಡುತ್ತ ಬಂದ ನರ್ಸಮ್ಮನನ್ನೂ ಬೇವು ತೋರಿಸಿ ಹೊಸ್ತಿಲಿನಿಂದಲೇ ಕಳಿಸಿದಳು.

ಕೂಸು ಉಸಿರಿಗೆ ತಿಣುಕತೊಡಗಿದಾಗ ಸಾಬವ್ವನೇ ಎತ್ತಿಕೊಂಡು ದವಾಖಾನೆಗೆ ಓಡಿದಳು. ಚಂಪಾ ಬದುಕಿದಳು, ಎಡಗಣ್ಣು ಮಾತ್ರ ಬೆಳ್ಳಗಾಗಿ ಉಳಿಯಿತು. ಕಣ್ಣು ತಿಂದದ್ದು ಸೂಜಿಯಲ್ಲ, ರೋಗ. ಮೊದಲೇ ತಂದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು.

ಸಾಬವ್ವ ಕೂಸನ್ನು ಎತ್ತಿಕೊಂಡು ಹಮಾಲರನ್ನು ಕೆಲಸಕ್ಕೆ ಹಚ್ಚುವ ಮುಕಾದಮ ವಿಠಲನ ಮನೆಗೆ ಹೋದಳು. ಆ ದನಿಯನ್ನು ಗಲ್ಲಿಗೆಲ್ಲ ಹಂಚಿದವನು ಅವನು.

“ನಿನ್ನ ಮಕ್ಕಳಿಗೆ ಸೂಜಿ ಮಾಡ್ಸೀಯೇನು?”

“ಮಾಡ್ಸೀನಿ, ಯವ್ವಾ. ಸಾಲ್ಯಾಗ ಕೇಳ್ತಾರಲ್ಲ. ಅದನ್ನ ನಾ ಬರೇ ಮುಂದಕ್ಕ ಕಳಿಸೀನಿ.”

ಬರೇ ಅಂತೆ! ಬಣವೆಗೆ ಬೆಂಕಿ ಇಟ್ಟವನೂ ಬರೇ ಕಡ್ಡಿ ಗೀರಿದೆ ಅನ್ನುತ್ತಾನೆ.

“ಈ ಕಣ್ಣನೂ ಮುಂದಕ್ಕ ಕಳಿಸು, ನೋಡೂಣು,” ಎಂದಳು ಸಾಬವ್ವ.

ಮರುದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ನರ್ಸಮ್ಮನನ್ನು ಹುಡುಕಿ ತನ್ನ ಹರಕು ಮರಾಠಿಯಲ್ಲಿ ಹೇಳಿದಳು: ಬೇವು ಕಂಡ ಬಾಗಿಲನ್ನೇ ಮೊದಲು ಬಡಿಯಿರಿ, ಒಳಗೆ ಕೂಸಿರುತ್ತದೆ. ಆಮೇಲೆ ಚಂಪಾಳನ್ನು ಎತ್ತಿಕೊಂಡು ತಾನೇ ಮುಂದೆ ನಡೆದಳು. ಬೇವೆಲ್ಲ ಅವಳೇ ಕಟ್ಟಿದ್ದು.

ಮೊದಲ ಬಾಗಿಲು ಅರ್ಧ ತೆರೆಯಿತು. ಒಳಗಿನ ತಾಯಿ ಅಂಜುತ್ತ ಕೇಳಿದಳು. “ಕಣ್ಣ ಹೋಗ್ತಾವಂತಲ್ಲ, ಯವ್ವಾ?”

ಸಾಬವ್ವ ಚಂಪಾಳ ಮುಖವನ್ನು ಅವಳ ಕಡೆ ತಿರುಗಿಸಿದಳು.

“ಹೂಂ, ಹೋಗ್ತಾವ. ಹಿಂಗ ಬಾಗಲಾ ಹಾಕ್ಕೊಂಡು ಕೂತ್ರ.”