ಚೆಟ್ ನೋವಿಕಿ ಇಸ್ತ್ರಿ ಕಲಿತ ವಾರ

ಚೆಟ್ ನೋವಿಕಿ ಮೂವತ್ತು ವರ್ಷ ಬಿದ್ದೂ ಬಿದ್ದೂ ಹೊಟ್ಟೆ ಹೊರೆದವನು. ಬಫಲೋ ಊರಿನ ಉಕ್ಕಿನ ಕಾರ್ಖಾನೆಯ ಕೂಲಿಯ ಮಗ. ಸೈನ್ಯದಲ್ಲಿದ್ದಾಗ ಸೂಪಿನ ತಟ್ಟೆ ಹಿಡಿದು ಕರ್ನಲ್ ಎದುರು ಜಾರಿಬಿದ್ದ. ಕರ್ನಲ್ ನಕ್ಕ. ಶಿಕ್ಷೆ ತಪ್ಪಿದ್ದಲ್ಲದೆ ಕಸುಬೂ ಸಿಕ್ಕಿತು. ಆಮೇಲೆ ಬೇಸಿಗೆಯ ಹೋಟೆಲುಗಳ ರಂಗಮಂಚದ ಮೇಲೆ ಬಿದ್ದ, ನೈಟ್‌ಕ್ಲಬ್ಬುಗಳಲ್ಲಿ ಬಿದ್ದ, ಕೊನೆಗೆ ಸ್ಟುಡಿಯೋಗಳ ಊರಾದ ಬರ್ಬ್ಯಾಂಕ್‌ಗೆ ಬಂದು ಟೆಲಿವಿಷನ್ನಿನಲ್ಲಿ ಬಿದ್ದ. ಹನ್ನೊಂದು ವರ್ಷ ಒಂದೇ ಧಾರಾವಾಹಿಯಲ್ಲಿ ಪಕ್ಕದ ಮನೆಯ ಪೆದ್ದ ಗಂಡನಾಗಿ ಏಣಿಯಿಂದ, ಸೈಕಲ್ಲಿನಿಂದ, ಅಡುಗೆಮನೆಯ ಕಿಟಕಿಯಿಂದ ಬಿದ್ದ. ಒಂದು ಮೂಳೆಯೂ ಮುರಿಯಲಿಲ್ಲ. ದೈವದತ್ತ ಪ್ರತಿಭೆ ಎಂದು ಪತ್ರಿಕೆಗಳು ಬರೆದವು. ತಾಲೀಮಿನ ಪ್ಯಾಂಟುಗಳ ಮಂಡಿಗೆ ಒಳಗಿನಿಂದ ಸ್ಪಂಜು ಹೊಲಿಯುತ್ತಿದ್ದವಳು ಹೆಂಡತಿ ಬರ್ನಡೀನ್ ಎಂಬುದು ಪತ್ರಿಕೆಗಳಿಗೆ ಗೊತ್ತಿರಲಿಲ್ಲ. ಚೆಟ್‌ಗೂ ನೆನಪಿದ್ದ ಹಾಗಿರಲಿಲ್ಲ.

ಎದುರು ಪಾತ್ರಗಳ ಮಾತುಗಳನ್ನು ಮನೆಯಲ್ಲಿ ಓದಿ ಅವನಿಗೆ ಪಾಠ ಮಾಡಿಸುತ್ತಿದ್ದವಳೂ ಅವಳೇ. ಸಿಂಕಿನ ಮುಂದೆ ನಿಂತು, ಪಾತ್ರೆ ತೊಳೆಯುತ್ತ, ಅವಳು ಅತ್ತೆಯಾಗಿದ್ದಳು, ಪೊಲೀಸನಾಗಿದ್ದಳು, ಒಮ್ಮೆ ನಾಯಿಯಾಗಿ ಬೊಗಳಿದ್ದಳು.

ಧಾರಾವಾಹಿ ನಿಂತ ಮೇಲೆ ಎರಡು ವರ್ಷ ಕೆಲಸವಿರಲಿಲ್ಲ. ದೇಶದ ಹಾಸ್ಯಪ್ರಜ್ಞೆ ಹೇಗೆ ಕೆಟ್ಟಿದೆ ಎಂದು ಚೆಟ್ ಸೋಫಾದಲ್ಲಿ ಕೂತು ವಿವರಿಸುತ್ತಿದ್ದ. ಬರ್ನಡೀನ್ ಕಸ ಹೀರುವ ಯಂತ್ರವನ್ನು ಅವನ ಹತ್ತಿರ ತಂದರೆ ಎರಡೂ ಕಾಲು ಎತ್ತಿ ಸಹಕರಿಸುತ್ತಿದ್ದ. ಮನೆಗೆಲಸದಲ್ಲಿ ತಾನೂ ಕೈಜೋಡಿಸುತ್ತೇನೆಂದು ಅವನು ನಂಬಿದ್ದು ಇದರಿಂದಲೇ ಇರಬೇಕು.

೧೯೭೯ರ ಮಾರ್ಚಿನಲ್ಲಿ ಹೊಸ ಧಾರಾವಾಹಿಯೊಂದರಿಂದ ಕರೆ ಬಂತು. ಹೆಂಡತಿ ಸತ್ತು ಮೊಮ್ಮಗಳನ್ನು ಸಾಕಬೇಕಾದ ಮುದುಕನ ಪಾತ್ರ. ಮುದುಕನಿಗೆ ಮನೆಗೆಲಸ ಒಂದೂ ಬಾರದು. ಸೋಮವಾರದಿಂದ ತಾಲೀಮು, ಶುಕ್ರವಾರ ಸಂಜೆ ಇನ್ನೂರೈವತ್ತು ಪ್ರೇಕ್ಷಕರ ಮುಂದೆ ಮೊದಲ ಕಂತಿನ ಚಿತ್ರೀಕರಣ. ಹಿಂದಿನ ಸಾಲಿನಲ್ಲಿ ಚಾನೆಲ್ಲಿನವರು ಕೂರುತ್ತಾರೆ. ಜನ ನಗದಿದ್ದರೆ ಪಾತ್ರ ಇನ್ನೊಬ್ಬನಿಗೆ. ಆ ಇನ್ನೊಬ್ಬ ಆಗಲೇ ಅಳತೆ ಕೊಟ್ಟು ಕೋಟು ಹೊಲಿಸಿಕೊಂಡಿದ್ದನಂತೆ.

ಹಿಂದಿನ ಶನಿವಾರ ಬರ್ನಡೀನ್ ಸ್ಟೂಲು ಹತ್ತಿ, ಗೋಡೆಯ ಮೇಲಿದ್ದ ಚೆಟ್‌ನ ಫೋಟೋಗಳ ಧೂಳು ಒರೆಸುತ್ತಿದ್ದಳು. ಅವನು ಸ್ಟೂಲಿನಿಂದ ಬೀಳುತ್ತಿರುವ ಫೋಟೋ ಒರೆಸುವಾಗ ಅವಳೂ ಬಿದ್ದಳು. ಅಭ್ಯಾಸವಿಲ್ಲದವಳು, ಬಲಗೈ ಮಣಿಕಟ್ಟು ಮುರಿಯಿತು.

"ಮೊಣಕೈ ಒಳಗೆ ಎಳ್ಕೋಬೇಕಿತ್ತು ಬರ್ನಿ," ಎಂದ ಚೆಟ್, ಅವಳನ್ನು ಮೇಲೆತ್ತುವ ಮೊದಲೇ. "ನೆಲ ನಿನ್ನ ಕಡೆ ಬರುತ್ತೆ ಅನ್ಕೋಬೇಕು."

"ಈಗ ಆಂಬುಲೆನ್ಸು ನನ್ನ ಕಡೆ ಬರುತ್ತೆ ಅನ್ಕೊಂಡಿದೀನಿ. ಫೋನ್ ಮಾಡ್ತೀಯಾ?"

ಆರು ವಾರ ಪ್ಲಾಸ್ಟರು ಎಂದರು ಡಾಕ್ಟರು.

ಸೋಮವಾರದ ತಾಲೀಮು ಭರ್ಜರಿಯಾಗಿ ನಡೆಯಿತು. ಮೊಮ್ಮಗಳ ಶಾಲೆಯ ಸಮಾರಂಭಕ್ಕೆ ಮುದುಕ ತನ್ನ ಅಂಗಿಗೆ ತಾನೇ ಇಸ್ತ್ರಿ ಹಾಕುವ ದೃಶ್ಯ. ಚೆಟ್ ಇಸ್ತ್ರಿಪೆಟ್ಟಿಗೆಯನ್ನು ಟೆಲಿಫೋನಿನ ಹಾಗೆ ಹಿಡಿದ, ಅಂಗಿಯ ಒಂದು ತೋಳಿನ ಮೇಲೆ ಇನ್ನೊಂದು ತೋಳಿಟ್ಟು ಒತ್ತಿದ, ಬಿಸಿಯಾಗಿದೆಯೇ ಎಂದು ಕೆನ್ನೆಗೆ ತಾಗಿಸಲು ಹೋದ. ದೀಪದವರು, ಕ್ಯಾಮರಾದವರು ಬಿದ್ದು ಬಿದ್ದು ನಕ್ಕರು. ನಿರ್ದೇಶಕ ಮಾರ್ವಿನ್ ಗೆಲ್ಬ್ ಕಣ್ಣೊರೆಸಿಕೊಂಡ. ಅದು ನಟನೆಯಲ್ಲ, ಐವತ್ತೆಂಟು ವರ್ಷದ ನಿಷ್ಠೆಯ ಅಜ್ಞಾನ ಎಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಸಂಜೆ ಅದೇ ಅಜ್ಞಾನ ಮನೆಗೆ ಬಂದು ಕೇಳಿತು: "ನಾಳೆಗೆ ಅಂಗಿ?"

"ಅಂಗಿ ಅಲ್ಲಿದೆ, ಇಸ್ತ್ರಿ ಇಲ್ಲಿದೆ, ನನ್ನ ಕೈ ಈ ಸುಣ್ಣದೊಳಗಿದೆ," ಎಂದಳು ಬರ್ನಡೀನ್. "ಬಾ ಇಲ್ಲಿ. ಮೊದಲು ಕಾಲರು. ತುದಿಯಿಂದ ನಡುಮಧ್ಯಕ್ಕೆ. ಆಮೇಲೆ ತೋಳಿನ ಪಟ್ಟಿ, ಆಮೇಲೆ ತೋಳು. ಬೆನ್ನು ಕೊನೆಗೆ. ಗುಂಡಿ ಮೇಲೆ ಓಡಿಸ್ಬೇಡ, ಸುತ್ತ ಹೋಗು. ಅವಸರ ಮಾಡ್ಬೇಡ್ವೋ, ಅದೇನು ಬೀಳೋ ಸೀನಾ?"

ಆಶ್ಚರ್ಯವೆಂದರೆ ಅವನ ಕೈಗೆ ಅದು ಹತ್ತಿತು. ಮಂಗಳವಾರ ಎರಡು ಅಂಗಿ, ಬುಧವಾರ ಮೂರು. ಮಡಿಕೆ ಕತ್ತಿಯಂತೆ ನಿಂತಿತು. ಬರ್ನಡೀನ್ ಮೂವತ್ತು ವರ್ಷದಲ್ಲಿ ಮೊದಲ ಸಲ ಸಂಜೆ ಕೂತು ಕಾಫಿ ಕುಡಿದಳು. ಅದೂ ಬಿಸಿಯಾಗಿಯೇ.

ಗುರುವಾರದ ತಾಲೀಮಿನಲ್ಲಿ ಯಾರೂ ನಗಲಿಲ್ಲ. ಚೆಟ್ ಎಷ್ಟು ಒದ್ದಾಡಿದರೂ ಕೈ ತಾನಾಗಿ ಕಾಲರಿಗೆ ಹೋಗುತ್ತಿತ್ತು, ಗುಂಡಿಗಳ ಸುತ್ತ ನಾಜೂಕಾಗಿ ಬಳಸುತ್ತಿತ್ತು. ಕೊನೆಗೆ ಮಾರ್ವಿನ್ ಅಂಗಿಯನ್ನು ಎತ್ತಿ ನೋಡಿದ.

"ಚೆಟ್, ಇದನ್ನ ನಾನು ನನ್ನ ಮಗಳ ಮದುವೆಗೆ ಹಾಕ್ಕೊಳ್ಬಹುದು. ಯಾರಯ್ಯಾ ಕಲಿಸಿದ್ದು ನಿನಗೆ?"

"ಹೆಂಡ್ತಿ."

"ಹಾಗಾದ್ರೆ ಹೋಗಿ ಮರೆಸಿಕೊಂಡು ಬಾ. ನಾಳೆ ಒಂದೇ ದಿನ ಇರೋದು."

ಚೆಟ್ ಮನೆಗೆ ಬಂದವನೇ ಇಸ್ತ್ರಿ ಹಲಗೆಯನ್ನು ಮಡಿಚಿಟ್ಟ. ದನಿ ಗಂಭೀರವಾಗಿತ್ತು.

"ಬರ್ನಿ, ಇನ್ಮೇಲೆ ನಾನು ಮನೇಲಿ ಏನೂ ಮುಟ್ಟೋಹಾಗಿಲ್ಲ. ನನ್ನ ಕಲೆಗೆ ತೊಂದ್ರೆ. ಇವತ್ತು ಇಸ್ತ್ರಿ, ಮುಂದಿನ ಕಂತಲ್ಲಿ ಅಡುಗೆ, ಆಮೇಲೆ ಬಟ್ಟೆ ಒಗೆಯೋದು. ಒಂದೂ ನನಗೆ ಬರ್ಬಾರ್ದು."

"ಧಾರಾವಾಹಿ ಎಷ್ಟು ವರ್ಷ ಓಡುತ್ತೆ?"

"ದೇವರು ದೊಡ್ಡೋನು. ಐದು? ಹತ್ತು?"

ಬರ್ನಡೀನ್ ತನ್ನ ಪ್ಲಾಸ್ಟರನ್ನು ನೋಡಿಕೊಂಡಳು. ಹತ್ತು ವರ್ಷ. ಇಲ್ಲಿಯವರೆಗೆ ಬರೀ ಸೋಮಾರಿತನವಾಗಿದ್ದದ್ದು ಈಗ ಕಲೆಯಾಗಿತ್ತು, ಸೋಮಾರಿತನಕ್ಕಾದರೆ ಬೈಯಬಹುದಿತ್ತು.

ಅವಳು ಎದ್ದು ಫ್ರಿಜ್ಜಿನಿಂದ ಸೌತೆ ಉಪ್ಪಿನಕಾಯಿಯ ಜಾಡಿ ತಂದಳು. ಆ ಮನೆಯಲ್ಲಿ ಜಾಡಿಯ ಮುಚ್ಚಳ ತೆಗೆಯುವುದು ಚೆಟ್‌ನ ಕೆಲಸ. ಅವನು ಆಗಲೇ ಕೈ ಚಾಚಿದ್ದ. ಬರ್ನಡೀನ್ ಜಾಡಿಯನ್ನು ಮಂಡಿಗಳ ನಡುವೆ ಸಿಕ್ಕಿಸಿ, ಎಡಗೈಯಲ್ಲಿ ಒಂದು ತಿರುವು ತಿರುವಿದಳು. ಟಪ್ಪನೆ ತೆರೆಯಿತು.

"ಅದು... ನಿನಗೆ ಬರಲ್ವಲ್ಲ?"

"ಮದುವೆ ದಿನ ನಿಮ್ಮಮ್ಮ ನನ್ನ ಪಕ್ಕಕ್ಕೆ ಕರ್ಕೊಂಡು ಹೋಗಿ ಹೇಳಿದ್ರು. 'ಹುಡುಗಿ, ಏನಾದ್ರೂ ಒಂದು ನಿನಗೆ ಬರದೇ ಇರೋಹಾಗೆ ನೋಡ್ಕೋ, ಗಂಡಸಿಗೂ ಒಂದು ಕೆಲಸ ಬೇಕು' ಅಂತ. ಮೂವತ್ತು ವರ್ಷ ಈ ಮುಚ್ಚಳ ಹಿಡಿದು ಮುಲುಕಿದೀನಿ ಕಣೋ. ಫ್ಯೂಸು ಹಾಕೋದು, ಕಾರಿನ ಚಕ್ರ ಬದಲಿಸೋದು, ಅದೂ ಅಷ್ಟೇ. ಒಂದಿನಾ ನಿನಗೆ ಅನುಮಾನ ಬಂತಾ?"

ಚೆಟ್ ಸೋಫಾದ ಮೇಲೆ ಕುಸಿದ. ಈ ಸಲ ಯಾವ ತಂತ್ರವೂ ಇಲ್ಲದೆ.

"ನಾನು ನಿನಗೆ ಮರೆಸಲ್ಲ," ಎಂದಳು ಅವಳು. "ಬರೋದನ್ನ ಬರದ ಹಾಗೆ ಮಾಡೋದು ಹೇಗೆ ಅಂತ ಕಲಿಸ್ತೀನಿ. ಹಲಗೆ ಬಿಡಿಸು. ನಿನ್ನ ಕೈ ಕಾಲರಿಗೆ ಹೋಗುತ್ತಾ? ಹೋಗ್ಲಿ. ಅಲ್ಲೇ ನಿಲ್ಲು. ಕೈಗೆ ಗೊತ್ತು, ಮುಖಕ್ಕೆ ಗೊತ್ತಿಲ್ಲ. ಈಗ ಇಸ್ತ್ರಿ ಕಡೆ ನೋಡು, ಅದೇ ನಿನಗೆ ಹೇಳ್ಕೊಡ್ಬೇಕು ಅನ್ನೋಹಾಗೆ. ಹುಬ್ಬು ಬೇಡ! ಹುಬ್ಬು ಎತ್ತಿದ್ದಿದ್ರೆ ನಿನ್ನ ಮುಂದೆ ನಾನು ಮೊದಲ ದಿನಾನೇ ಸಿಕ್ಕಿಬೀಳ್ತಿದ್ದೆ."

ಇಪ್ಪತ್ತು ಸಲ ಮಾಡಿಸಿದಳು. ಇಪ್ಪತ್ತೊಂದನೆಯದಕ್ಕೆ ತಾನೇ ನಕ್ಕಳು.

ಶುಕ್ರವಾರ ಇನ್ನೂರೈವತ್ತು ಜನ ಎಷ್ಟು ನಕ್ಕರೆಂದರೆ ಮಾರ್ವಿನ್ ಎರಡು ಸಲ ಕ್ಯಾಮರಾ ನಿಲ್ಲಿಸಬೇಕಾಯಿತು. ಪಾತ್ರ ಚೆಟ್‌ಗೇ ಉಳಿಯಿತು. ಮೂರನೆಯ ಸಾಲಿನ ಹೆಂಗಸರಂತೂ ಕಣ್ಣೀರು ಬರುವಷ್ಟು ನಕ್ಕರು. ಮನೆಯಲ್ಲಿ ಇದೇ ದೃಶ್ಯವನ್ನು ನಗದೆ ನೋಡುತ್ತ ಬಂದವರು, ಪಾಪ. "ಗಂಡಸಿನ ಅಸಹಾಯಕತೆಯ ಆಳವಾದ ಅಧ್ಯಯನ" ಎಂದು ಪತ್ರಿಕೆಯೊಂದು ಬರೆಯಿತು. ಇದೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದ ವರದಿಗಾರನಿಗೆ ಚೆಟ್, "ವರ್ಷಗಟ್ಟಲೆ ಗಮನಿಸಿದ್ದು," ಎಂದ. ಸುಳ್ಳಲ್ಲ. ಗಮನಿಸಿದ್ದ. ಕಾಲೆತ್ತಿಕೊಂಡು.

ಏಪ್ರಿಲ್ ಕೊನೆಗೆ ಪ್ಲಾಸ್ಟರು ಬಿಚ್ಚಿದರು. ಮಾರನೆಯ ಬೆಳಿಗ್ಗೆ ಚೆಟ್ ಒಗೆದ ಅಂಗಿಯನ್ನು ತಂದು, ಲೋಕ ಮತ್ತೆ ಸರಿಹೋಯಿತೆಂಬ ಸಂತೋಷದಲ್ಲಿ, ಹಲಗೆಯ ಮೇಲಿಟ್ಟ.

ಬರ್ನಡೀನ್ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು. ಹಿಂದು ಮುಂದಾಗಿ ಹಿಡಿದಳು. ಅಂಗಿಯನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು. ಹುಬ್ಬು ಅಲುಗಲಿಲ್ಲ.

"ಚೆಟ್," ಎಂದಳು ಮೆಲ್ಲಗೆ, "ಬಿಸಿ ಇರೋದು ಯಾವ ಕಡೆ?"

ಚೆಟ್ ಅವಳ ಮುಖ ನೋಡಿದ. ಮೂವತ್ತು ವರ್ಷದ ಗಂಡನಿಗೆ ಕಾಣದಿದ್ದದ್ದು ಮೂವತ್ತು ವರ್ಷದ ನಟನಿಗೆ ಕಂಡಿತು.

"ಮಾತಿಗೆ ಮುಂಚೆ ನೀನು ಸ್ವಲ್ಪ ಜಾಸ್ತಿ ಹೊತ್ತು ಸುಮ್ಮನಿದ್ದೆ," ಎಂದ. "ಮುಖ ಮಾತ್ರ ಚಿನ್ನ."

"ನಾಳೆ ಸರಿಮಾಡ್ಕೋತೀನಿ."

"ನಾಳೇನೂ ಇದೆಯಾ ಈ ಪ್ರದರ್ಶನ?"

"ನಿಂದು ಓಡೋವರೆಗೂ."

ಅವನು ಇಸ್ತ್ರಿ ತೆಗೆದುಕೊಂಡು ಕಾಲರಿನಿಂದ ಶುರುಮಾಡಿದ. ಬರ್ನಡೀನ್ ತನ್ನ ನೀಲಿ ಬ್ಲೌಸನ್ನೂ ತಂದು ಹಲಗೆಯ ತುದಿಗೆ ನೇತುಹಾಕಿದಳು.